ತೆರೆಯ ಮೇಲೆ ಕೂಡುವ ವೈದ್ಯರ ಪಂಚಾಯತಿ

ಹಳ್ಳಿಯಲ್ಲಿ ಒಂದು ಮನೆತನಕ್ಕೆ ತೊಡಕು ಬಂದಿತೆಂದರೆ ನಾಲ್ವರು ಹಿರಿಯರು ಅರಳಿಕಟ್ಟೆಯ ಮೇಲೆ ಕುಳಿತು ಆಲೋಚಿಸುವುದುಂಟು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಅದೇ ಬಗೆಯ ಪಂಚಾಯತಿ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಶಸ್ತ್ರವೈದ್ಯರು, ಔಷಧಿಯಿಂದ ಚಿಕಿತ್ಸೆ ಮಾಡುವವರು, ವಿಕಿರಣ ಚಿಕಿತ್ಸಕರು, ಕ್ಷಕಿರಣ ಚಿತ್ರಗಳನ್ನು ಓದಬಲ್ಲವರು, ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಜಾತಿ ಹೇಳುವವರು, ಕ್ಯಾನ್ಸರ್ ಶುಶ್ರೂಷೆಯಲ್ಲಿಯೇ ವಿಶೇಷ ಶಿಕ್ಷಣ ಪಡೆದ ದಾದಿಯರು, ಎಲ್ಲರೂ ಸೇರುತ್ತಾರೆ. ಒಬ್ಬೊಬ್ಬ ರೋಗಿಯ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಮುಂದಿಟ್ಟುಕೊಂಡು, ಮುಂದಿನ ದಾರಿ ಯಾವುದೆಂದು ಗೊತ್ತುಮಾಡುತ್ತಾರೆ. ಯಾರ ಸಲುವಾಗಿ ಈ ಪಂಚಾಯತಿಯೋ ಆ ರೋಗಿ ಮಾತ್ರ ಅಲ್ಲಿರುವುದಿಲ್ಲ.

ಈ ಪದ್ಧತಿ ಬಹಳ ಹಳೆಯದೇನಲ್ಲ. ಒಂದು ಕಾಲಕ್ಕೆ ರೋಗಿ ಮೊದಲು ಯಾವ ವೈದ್ಯನ ಬಾಗಿಲು ತಟ್ಟಿದನೋ ಆ ವೈದ್ಯನ ವಿದ್ಯೆಯೇ ಅವನ ಹಣೆಬರಹವಾಗುತ್ತಿತ್ತು. ಕತ್ತಿ ಹಿಡಿದವನು ಕೊಯ್ಯುವುದೇ ಲೇಸೆನ್ನುತ್ತಿದ್ದನು. ಊರಿಂದೂರಿಗೆ ಚಿಕಿತ್ಸೆಯ ಗುಣ ಬೇರೆಯಾಗಿರುತ್ತಿತ್ತು. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕೆನ್ನೆತ್ ಕಾಲ್ಮನ್, ವೇಲ್ಸ್ ಪ್ರಾಂತದ ಮುಖ್ಯ ವೈದ್ಯಾಧಿಕಾರಿ ಡೀಡ್ರಿ ಹೈನ್ ಇವರಿಬ್ಬರ ಹೆಸರಿನಿಂದ ಪ್ರಸಿದ್ಧವಾದ 1995ರ ವರದಿ, ಕ್ಯಾನ್ಸರ್ ರೋಗಿಯನ್ನು ನಾನಾ ಶಾಖೆಗಳ ತಜ್ಞರ ತಂಡವೇ ನೋಡಿಕೊಳ್ಳತಕ್ಕದ್ದೆಂದು ಶಿಫಾರಸು ಮಾಡಿತು. ಅಲ್ಲಿಂದೀಚೆಗೆ ವಾರದ ಸಭೆಯೇ ಆ ದೇಶದ ಕ್ಯಾನ್ಸರ್ ಚಿಕಿತ್ಸೆಗೆ ಬೆನ್ನೆಲುಬಾಯಿತು.

ಬೆನ್ನೆಲುಬಿನ ಮೇಲೆ ಹೊರೆಯೂ ಬೆಳೆಯಿತೆನ್ನಬೇಕು. ರೋಗಿಗಳು ಹೆಚ್ಚಿದರು, ಚಿಕಿತ್ಸೆಯ ಬಗೆಗಳು ಹೆಚ್ಚಿದವು, ಗಡಿಯಾರದ ಗಂಟೆಗಳು ಮಾತ್ರ ಇದ್ದಷ್ಟೇ ಇದ್ದವು. 2017ರಲ್ಲಿ ಕ್ಯಾನ್ಸರ್ ರಿಸರ್ಚ್ ಯುಕೆ ಎಂಬ ಸಂಸ್ಥೆ ಇಂಥ ಸಭೆಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯ ಪ್ರಕಾರ, ಅರ್ಧಕ್ಕಿಂತ ಹೆಚ್ಚು ರೋಗಿಗಳ ವಿಷಯ ಎರಡೇ ನಿಮಿಷದೊಳಗೆ ಮುಗಿದುಹೋಗಿತ್ತು. ಎರಡು ನಿಮಿಷದಲ್ಲಿ ಒಂದು ಲೋಟ ಕಾಫಿ ಕೂಡ ಆರುವುದಿಲ್ಲ.

ಹೀಗಿರುವಾಗ 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗು ಬಂದಿತು. ಇಪ್ಪತ್ತು ಜನ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕೂಡುವುದು, ಅಲ್ಲಿಂದ ಎದ್ದು ದೇಹಶಕ್ತಿ ಕುಂದಿದ ರೋಗಿಗಳ ಬಳಿಗೆ ಹೋಗುವುದು, ಇದಕ್ಕಿಂತ ಅಪಾಯವುಂಟೆ? ನೋಡುನೋಡುತ್ತಿದ್ದಂತೆ ಸಭೆಗಳೆಲ್ಲ ಗಣಕಯಂತ್ರದ ತೆರೆಗೆ ವರ್ಗವಾದವು. ದೂರದ ಆಸ್ಪತ್ರೆಗಳು ವಿಡಿಯೋ ಮೂಲಕ ಸೇರಿಕೊಳ್ಳುವುದು ಅದಕ್ಕೆ ಮೊದಲೂ ಇದ್ದಿತು. ಶೆಟ್ಲೆಂಡ್, ಆರ್ಕ್ನಿ ದ್ವೀಪಗಳ ರೋಗಿಗಳು ಸಮುದ್ರ ದಾಟಿ ಅಬರ್ಡೀನಿಗೆ ಬರಬೇಕಾದ ಸ್ಕಾಟ್ಲೆಂಡಿನಂಥ ಕಡೆ ಅದು ಅನಿವಾರ್ಯವೂ ಹೌದು. ಆದರೆ ಒಂದೇ ಕಟ್ಟಡದ ಮಹಡಿಗಳಲ್ಲಿರುವವರೂ ತಮ್ಮ ತಮ್ಮ ಕೋಣೆಯ ಬಾಗಿಲೆಳೆದುಕೊಂಡು ತೆರೆಯ ಮೇಲೆ ಭೇಟಿಯಾಗುವುದು ಹೊಸದು. ಪಿಡುಗು ಇಳಿಯಿತು, ಎಷ್ಟೋ ತಂಡಗಳು ಹಳೆಯ ಕೋಣೆಗೆ ಪೂರ್ತಿಯಾಗಿ ಮರಳಲೇ ಇಲ್ಲ.

ಇದು ಒಳ್ಳೆಯದಾಯಿತೆ? ವೈದ್ಯರನ್ನೇ ಕೇಳಿದರೆ, ಯಾರ ಕೆಲಸ ಯಾವುದೋ ಅದರಂತೆ ಅವರ ಮಾತು. ಕ್ಷಕಿರಣ ತಜ್ಞನಿಗೆ ಹೊಸ ಏರ್ಪಾಡು ವರವೇ ಸರಿ. ಹಿಂದೆ ಗೋಡೆಯ ಮೇಲೆ ಮಸುಕಾಗಿ ಬೀಳುತ್ತಿದ್ದ ಚಿತ್ರವನ್ನು ಹಿಂದಿನ ಸಾಲಿನವರು ಕಣ್ಣು ಕಿರಿದುಮಾಡಿ ನೋಡಬೇಕಾಗಿತ್ತು. ಈಗ ಪ್ರತಿಯೊಬ್ಬರ ಮುಂದೆಯೂ ಚಿತ್ರ ನಿಚ್ಚಳವಾಗಿ ನಿಲ್ಲುತ್ತದೆ. ಎರಡು ಮೂರು ಊರುಗಳ ಆಸ್ಪತ್ರೆಗಳಲ್ಲಿ ದುಡಿಯುವ ವಿಕಿರಣ ಚಿಕಿತ್ಸಕನಿಗೆ ರಸ್ತೆಯಲ್ಲಿ ಕಳೆಯುತ್ತಿದ್ದ ಹೊತ್ತು ಉಳಿಯಿತು. ಬಾರದೆ ಇರುತ್ತಿದ್ದವರು ಬರತೊಡಗಿದರು. ಇದು ಸಣ್ಣ ಲಾಭವಲ್ಲ. ಒಬ್ಬ ತಜ್ಞನಿಲ್ಲದ ಕಾರಣಕ್ಕೆ ಒಬ್ಬ ರೋಗಿಯ ನಿರ್ಣಯ ಒಂದು ವಾರ ಮುಂದಕ್ಕೆ ಹೋಗುವುದೆಂದರೆ ಆ ಮನೆಯವರಿಗೆ ಅದು ಏಳು ರಾತ್ರಿಗಳ ಜಾಗರಣೆ.

ಸಭೆಯ ಅಧ್ಯಕ್ಷತೆ ವಹಿಸುವವರ ಮಾತು ಬೇರೆ. ಕೋಣೆಯಲ್ಲಿ ಕುಳಿತಾಗ ಯಾರ ಹುಬ್ಬು ಮೇಲೇರಿತು, ಯಾರು ಕುರ್ಚಿಯಲ್ಲಿ ಮಿಸುಕಿದರು ಎಂಬುದು ಕಣ್ಣಿಗೆ ಬೀಳುತ್ತಿತ್ತು. ‘ತಮಗೆ ಒಪ್ಪಿಗೆಯಿಲ್ಲವೆಂದು ತೋರುತ್ತದೆ’ ಎಂದು ಕೇಳಲು ಅವಕಾಶವಿತ್ತು. ತೆರೆಯ ಮೇಲೆ ಮುಖಗಳಿಗೆ ಬದಲಾಗಿ ಹೆಸರಿನ ಮೊದಲಕ್ಷರಗಳು ಕುಳಿತಿರುತ್ತವೆ. ಮೌನವೇ ಸಮ್ಮತಿಯೋ, ಆಸಾಮಿ ಎದ್ದುಹೋಗಿದ್ದಾನೋ ತಿಳಿಯದು. ಸಭೆ ನಡೆಯುತ್ತಿರುವಾಗಲೇ ಬೇರೆ ಪತ್ರಗಳಿಗೆ ಉತ್ತರ ಬರೆಯುತ್ತೇವೆಂದು ಕೆಲವರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ. ಪ್ರಾಮಾಣಿಕತೆಗೆ ಮೆಚ್ಚಬೇಕು, ಕೆಲಸಕ್ಕಲ್ಲ. ಎಳೆಯ ವೈದ್ಯರಿಗಾದ ನಷ್ಟವನ್ನು ಹಿರಿಯರೇ ಎತ್ತಿ ಆಡುತ್ತಾರೆ. ಹಿಂದೆ ಸಭೆ ಮುಗಿದ ಮೇಲೆ ಓಣಿಯಲ್ಲಿ ನಡೆದು ಹೋಗುತ್ತ ‘ಈ ಮಾತನ್ನೇಕೆ ಒಪ್ಪಿದಿರಿ?’ ಎಂದು ಕೇಳಿ ಕಲಿಯುತ್ತಿದ್ದರು. ಈಗ ಗುಂಡಿಯೊಂದನ್ನು ಒತ್ತಿದೊಡನೆ ಸಭೆಯೂ ಇಲ್ಲ, ಓಣಿಯೂ ಇಲ್ಲ.

ಆದರೂ ಎಲ್ಲಕ್ಕಿಂತ ಹೆಚ್ಚು ವಿಚಾರಮಾಡಬೇಕಾದುದು ದಾದಿಯ ವಿಷಯ. ಎಂಬತ್ತೆರಡು ವರ್ಷದ ಒಬ್ಬ ಮುದುಕಿಯನ್ನು ಊಹಿಸಿಕೊಳ್ಳಿ. ಸ್ತನದ ಕ್ಯಾನ್ಸರ್. ಚಿತ್ರ ಸ್ಪಷ್ಟ, ಗಂಟು ಚಿಕ್ಕದು, ಶಸ್ತ್ರವೈದ್ಯನಿಗೆ ಸಂದೇಹವಿಲ್ಲ: ತೆಗೆದುಹಾಕಬೇಕು. ಆದರೆ ಮುದುಕಿಯ ಮನೆಯಲ್ಲಿ ನೆನಪು ಕಳೆದುಕೊಂಡ ಗಂಡನಿದ್ದಾನೆ. ಅವನಿಗೆ ಊಟ ಮಾಡಿಸುವವಳು ಅವಳೊಬ್ಬಳೇ. ಅವಳ ಹೃದಯವೂ ಗಟ್ಟಿಯಿಲ್ಲ. ಇಂಥ ವಯಸ್ಸಿನಲ್ಲಿ, ಗಂಟು ಹಾರ್ಮೋನಿಗೆ ಸ್ಪಂದಿಸುವ ಜಾತಿಯದಾದರೆ, ಕೊಯ್ಯದೆ ದಿನಕ್ಕೊಂದು ಮಾತ್ರೆಯಿಂದ ರೋಗವನ್ನು ಕೆಲಕಾಲ ಹಿಡಿದಿಡುವ ದಾರಿಯೂ ಉಂಟು. ಯಾವುದು ಮೇಲೆಂಬುದನ್ನು ಚಿತ್ರವೊಂದೇ ಹೇಳಲಾರದು. ಗಂಡನ ಸಂಗತಿ ಆ ಸಭೆಯಲ್ಲಿ ಒಬ್ಬಳಿಗೆ ಗೊತ್ತು. ಮುದುಕಿಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಮಾತಾಡಿದ ದಾದಿಗೆ. ಹೆಸರು ಕೂಗಿ ಎರಡು ನಿಮಿಷದಲ್ಲಿ ಮುಂದಿನ ರೋಗಿಗೆ ಹೋಗುವ ಭರದಲ್ಲಿ ಅವಳು ಮೈಕು ತೆರೆಯುವಷ್ಟರಲ್ಲಿ ನಿರ್ಣಯ ಬರೆದಾಗಿರುತ್ತದೆ.

ನ್ಯಾಯವಾಗಿ ಹೇಳುವುದಾದರೆ ಈ ದೋಷವನ್ನು ಹುಟ್ಟಿಸಿದ್ದು ತೆರೆಯಲ್ಲ. ಕೋಣೆಯಲ್ಲಿ ಸಭೆ ನಡೆಯುತ್ತಿದ್ದ ಕಾಲದಲ್ಲೇ ಅವುಗಳನ್ನು ಗಮನಿಸಿದ ಸಂಶೋಧಕರು, ರೋಗದ ಮಾತೇ ಹೆಚ್ಚು, ರೋಗಿಯ ಇಷ್ಟಾನಿಷ್ಟದ ಮಾತು ಕಡಿಮೆ, ದಾದಿಯರ ದನಿ ಇನ್ನೂ ಕಡಿಮೆ ಎಂದು ಮತ್ತೆ ಮತ್ತೆ ಬರೆದಿದ್ದಾರೆ. ದೊಡ್ಡವರ ನಡುವೆ ಬಾಯಿ ಹಾಕುವುದಕ್ಕಿಂತ ತೆರೆಯ ಮೇಲೆ ಕೈಯೆತ್ತಿದ ಗುರುತು ತೋರಿಸುವುದೇ ಸುಲಭವೆನ್ನುವ ದಾದಿಯರೂ ಇದ್ದಾರೆ. ಅಧ್ಯಕ್ಷನು ಆ ಗುರುತನ್ನು ನೋಡಬೇಕು, ಅಷ್ಟೆ.

ಭಾರತಕ್ಕೆ ಬಂದರೆ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. 2012ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವನ್ನು ನಡುವಿಟ್ಟುಕೊಂಡು ದೇಶದ ನೂರಾರು ಆಸ್ಪತ್ರೆಗಳನ್ನು ಹೆಣೆದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅದರಲ್ಲೊಂದು. ಸಣ್ಣ ಊರಿನ ವೈದ್ಯನು ತನ್ನ ಕಷ್ಟದ ರೋಗಿಯ ವಿಷಯವನ್ನು ಅದರ ತೆರೆಯ ಸಭೆಯಲ್ಲಿಟ್ಟು ತಜ್ಞರ ಸಲಹೆ ಪಡೆಯಬಹುದು. ಅವನಿಗೆ ಕೋಣೆಯೋ ತೆರೆಯೋ ಎಂಬ ಆಯ್ಕೆ ಎಲ್ಲಿಯದು? ತೆರೆಯಿಲ್ಲದಿದ್ದರೆ ಸಭೆಯೇ ಇಲ್ಲ.

ಬ್ರಿಟನ್ನಿನ ತಂಡಗಳು ಈಗ ಬಗೆಬಗೆಯ ಉಪಾಯಗಳನ್ನು ಮಾಡುತ್ತಿವೆ. ಸರಳವಾದ ಪ್ರಕರಣಗಳನ್ನು ಮೊದಲೇ ಒಪ್ಪಿಕೊಂಡ ಕ್ರಮದಂತೆ ಚರ್ಚೆಯಿಲ್ಲದೆ ಮುಂದೆ ಕಳಿಸಿ, ತೊಡಕಿನವುಗಳಿಗೆ ಹೊತ್ತು ಉಳಿಸುವುದೊಂದು. 2020ರ ಆರಂಭದಲ್ಲಿ, ಪಿಡುಗಿಗೆ ಮೊದಲೇ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಇದಕ್ಕೆ ದಾರಿ ಹಾಕಿಕೊಟ್ಟಿತ್ತು. ಕೆಲವರು ಕೋಣೆಯಲ್ಲಿಯೂ ಕೆಲವರು ತೆರೆಯಲ್ಲಿಯೂ ಕೂಡುವುದು ಇನ್ನೊಂದು. ಚಿತ್ರ ತೋರಿಸುವ ಮೊದಲೇ ದಾದಿಯನ್ನು ಮಾತಾಡಿಸುವ ಅಧ್ಯಕ್ಷನಿದ್ದರೆ ಮುದುಕಿಯ ಮನೆಯ ಸಂಗತಿ ಅರ್ಧ ನಿಮಿಷದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಸಭೆ ಮುಗಿದ ಮೇಲೆ ರೋಗಿಗೆ ದೂರವಾಣಿಯಲ್ಲಿ ವಿಷಯ ತಿಳಿಸುವ ಕೆಲಸ ಎಷ್ಟೋ ಸಲ ಆ ದಾದಿಯ ಪಾಲಿಗೇ ಬರುತ್ತದೆ. ‘ನಮ್ಮ ಯಜಮಾನರ ವಿಷಯ ಅವರಿಗೆ ಹೇಳಿದೆಯೇನಮ್ಮ?’ ಮುದುಕಿ ಮೊದಲು ಕೇಳುವುದು ಅದನ್ನೇ.