ಬೇಟೆಯ ನಾಯಿಗೆ ಮನೆಯಲ್ಲೊಂದು ಎಡೆ

ಪರಸ್ಥಳದಲ್ಲಿ ನೆಲೆಸಿದವರಿಗೆ ತಾಯ್ನಾಡಿನ ವಸ್ತುಗಳ ಮೇಲೆ ಮಮತೆ ಇಮ್ಮಡಿಯಾಗುವುದು ಸ್ವಾಭಾವಿಕ. ದಿಲ್ಲಿಯಲ್ಲಿರುವ ಕನ್ನಡಿಗರು ಬ್ಯಾಡಗಿ ಮೆಣಸಿನಕಾಯಿಯನ್ನೂ ಗೋಕಾಕದ ಕರದಂಟನ್ನೂ ಅಕ್ಕರೆಯಿಂದ ತರಿಸಿಕೊಳ್ಳುವಂತೆಯೇ, ಈಚಿನ ವರ್ಷಗಳಲ್ಲಿ ಕೆಲವರು ಮುಧೋಳದ ನಾಯಿಯನ್ನೂ ತರಿಸಿಕೊಳ್ಳಬೇಕೆಂದು ಹಂಬಲಿಸುತ್ತಿದ್ದಾರೆ. “ಸರ್, ಅದು ನಿಮ್ಮೂರ ಕಡೆಯ ನಾಯಿಯಂತೆ, ಒಂದು ಮರಿ ಕೊಡಿಸಿ” ಎಂದು ನಮ್ಮ ತರಗತಿಯ ಹುಡುಗರು ನನ್ನನ್ನು ಕೇಳುವುದುಂಟು. ಮೆಣಸಿನಕಾಯಿ ಡಬ್ಬಿಯಲ್ಲಿ ಇಟ್ಟಲ್ಲಿ ಇರುತ್ತದೆ, ನಾಯಿ ಹಾಗಲ್ಲ. ಆದುದರಿಂದ ಈ ವಿಷಯದಲ್ಲಿ ನನಗೆ ತೋಚಿದ ನಾಲ್ಕು ಮಾತುಗಳನ್ನು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಿಗಳ ಮುಂದಿಡಬಯಸುತ್ತೇನೆ.

ಮುಧೋಳವು ಘಟಪ್ರಭೆಯ ದಂಡೆಯ ಮೇಲಿನ ಊರು. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದುದು. ಕವಿ ರನ್ನನ ಜನ್ಮಸ್ಥಳವೆಂದು ನಾವು ಪಾಠದಲ್ಲಿ ಓದುವುದೂ ಇದನ್ನೇ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಇದು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಆ ಮನೆತನದ ಮಾಲೋಜಿರಾವ ಘೋರ್ಪಡೆಯವರು ಸುತ್ತಲಿನ ಬೇಟೆಗಾರರು ಸಾಕಿದ್ದ ನಾಯಿಗಳ ಓಟವನ್ನು ಮೆಚ್ಚಿ, ತಳಿಯನ್ನು ಆಯ್ದು ಬೆಳೆಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತರೆಂಬುದು ಪ್ರಸಿದ್ಧವಾದ ಸಂಗತಿ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗಾಗಿ ನಮ್ಮ ನೆರೆಯ ಮೀರತ್ತಿಗೇ ಬಂದವು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಇದರ ಹೆಸರೆತ್ತಿದ ಮೇಲಂತೂ ಇದರ ಕೀರ್ತಿ ದೇಶವ್ಯಾಪಿಯಾಯಿತು.

ಆದರೆ ಕೀರ್ತಿಯನ್ನು ಕಂಡು ತಂದ ನಾಯಿಯನ್ನು ಕೀರ್ತಿಗಾಗಿಯೇ ಉಳಿಸಿಕೊಳ್ಳಲಾಗುವುದಿಲ್ಲ. ಮರಿಯಾಗಿದ್ದಾಗ ಮುದ್ದಾಗಿ ಕಂಡದ್ದು ವರ್ಷ ತುಂಬುವುದರೊಳಗೆ 70 ಸೆಂಟಿಮೀಟರಿನಷ್ಟು ಎತ್ತರವಾಗಿ, ಅಳಿಲನ್ನು ಕಂಡೊಡನೆ ಹಗ್ಗ ಕಿತ್ತು ಓಡುವ ಪ್ರಾಣಿಯಾಗುತ್ತದೆ. ಆಗ ಎರಡು ಕೋಣೆಯ ಮನೆಯವರು ಕೈಚೆಲ್ಲುತ್ತಾರೆ. ಹಳ್ಳಿಯ ಕಡೆಯ ಕಥೆಯೂ ಬೇರೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಾಯಿ ಬಿಟ್ಟು ಮೊಲ ಜಿಂಕೆಗಳನ್ನು ಬೆನ್ನಟ್ಟಿಸುವುದನ್ನೂ ಬೇಟೆಯೆಂದೇ ಎಣಿಸಿದೆ. ಈ ನಿಷೇಧ ನ್ಯಾಯವಾದುದು, ನಿಜ. ಆದರೆ ಬೇಟೆ ನಿಂತರೂ ಬೇಟೆಯ ನಾಯಿಗಳು ಉಳಿದವು. ಪಂಜಾಬಿನ ಪಂದ್ಯಗಳಲ್ಲಿ ಓಡುವ ಗ್ರೇಹೌಂಡುಗಳ ಕಾಲು ಮುರಿದರೆ, ಕಸುವು ಕುಗ್ಗಿದರೆ, ಅವುಗಳ ಮುಂದಿನ ಗತಿಯೇನು? ಸ್ಪೇನ್ ದೇಶದಲ್ಲಿಯೂ ಮೊಲದ ಬೇಟೆಯ ಋತು ಮುಗಿದಾಗ ಗಾಲ್ಗೋ ಎಂಬ ನಾಯಿಗಳನ್ನು ತೊರೆಯುವ ರೂಢಿಯಿದೆ. ಅಲ್ಲಿನ ದಯಾವಂತರು ಅವುಗಳನ್ನು ಎತ್ತಿ ತಂದು ಸಂಸಾರಸ್ಥರ ಮನೆಗಳಿಗೆ ಸೇರಿಸುತ್ತಿದ್ದಾರೆ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ನಾಡಿನ ಅಭಿಮಾನಕ್ಕಾಗಿ ದುಡ್ಡು ತೆತ್ತು ಮರಿಯನ್ನು ತರಿಸಬೇಡಿರಿ. ನಿಜವಾಗಿಯೂ ಇಂಥ ನಾಯಿಯ ಮೇಲೆ ಪ್ರೀತಿಯಿದ್ದರೆ, ಯಾರೋ ತೊರೆದುಹೋದ ಒಂದನ್ನು, ಅದರ ಸ್ವಭಾವವನ್ನು ತಿಳಿದುಕೊಂಡು, ಮನೆಗೆ ತನ್ನಿರಿ. ತಿಳಿದುಕೊಳ್ಳುವ ತಾಳ್ಮೆಯಿಲ್ಲವಾದರೆ ಯಾವುದನ್ನೂ ತರಬೇಡಿರಿ.

ಆ ಸ್ವಭಾವವಾದರೂ ಎಂತಹುದು? ಮುಧೋಳ, ರಾಂಪುರ, ಗ್ರೇಹೌಂಡ್ ಮೊದಲಾದವು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿಯವು. ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲುಗಳು ಓಟಕ್ಕೆಂದೇ ಒದಗಿ ಬಂದಿವೆ. ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ಅವುಗಳ ಹುಟ್ಟುಗುಣ. ನಾಯಿಬಾಲ ಡೊಂಕು ಎಂಬ ಗಾದೆಯನ್ನು ಹೇಳಿ ನಾವು ಅದನ್ನು ಹಳಿಯುತ್ತೇವೆ. ಆದರೆ ನೂರಾರು ವರ್ಷ ಮನುಷ್ಯನೇ ಆಯ್ದು ಬೆಳೆಸಿದ ಗುಣವನ್ನು ಇಂದು ಮನುಷ್ಯನೇ ದೋಷವೆನ್ನುವುದು ಯಾವ ನ್ಯಾಯ? ಬಯಲಿನಲ್ಲಿ ಹಗ್ಗ ಬಿಚ್ಚದಿರುವುದು, ತಲೆ ಕಿರಿದಾಗಿರುವುದರಿಂದ ನುಸುಳಿಹೋಗದಂತಹ ಅಗಲವಾದ ಪಟ್ಟಿಯನ್ನು ಕಟ್ಟುವುದು, ಬೆಕ್ಕಿರುವ ಮನೆಗೆ ಒಯ್ಯದಿರುವುದು – ಇವು ಸಾಕುವವನ ಕರ್ತವ್ಯಗಳು.

ಇಷ್ಟು ವೇಗದ ಪ್ರಾಣಿಯನ್ನು ಚಿಕ್ಕ ಮನೆಯಲ್ಲಿ ಕೂಡಿಹಾಕುವುದೇ ಹಿಂಸೆಯಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ವಿಚಾರಾರ್ಹವಾದುದೇ. ಆದರೆ ಈ ಜಾತಿಯ ನಾಯಿ ದಿನವಿಡೀ ಓಡುವುದಿಲ್ಲ. ಸ್ವಲ್ಪ ಹೊತ್ತು ಮಿಂಚಿನಂತೆ ಓಡಿ, ಉಳಿದ ಹೊತ್ತು ಮಲಗಿಯೇ ಕಳೆಯುತ್ತದೆ. ಬೆಳಗು ಸಂಜೆಗಳಲ್ಲಿ ತಪ್ಪದೆ ನಡೆಸಿ, ಬೇಲಿಯಿರುವ ಅಂಗಳದಲ್ಲಿ ಆಗಾಗ ಓಡಲು ಬಿಟ್ಟರೆ ಅದು ಸಾಕಷ್ಟು ತೃಪ್ತಿಯಿಂದಿರುತ್ತದೆ. ಅದಕ್ಕೆ ಬೇಕಾದುದು ವಿಶಾಲವಾದ ಮನೆಗಿಂತ ನಿಯಮವುಳ್ಳ ಮನೆ. ದಿಲ್ಲಿಯ ಹವೆಯೇ ಅದಕ್ಕೆ ಹೆಚ್ಚಿನ ಕಷ್ಟ. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಕೂದಲು ಗಿಡ್ಡ. ಪುಷ್ಯಮಾಸದ ಚಳಿಯಲ್ಲಿ ಹೊದಿಕೆಯಿಲ್ಲದೆ ನಡುಗುತ್ತದೆ. ಜ್ಯೇಷ್ಠದ ಬಿಸಿಗಾಳಿಯಲ್ಲಿ ಹಗಲು ಹೊರಗೊಯ್ಯಕೂಡದು. ಎದೆ ಆಳವಾಗಿರುವುದರಿಂದ ಉಂಡ ಕೂಡಲೇ ಓಡಿಸುವುದೂ ಅಪಾಯ. ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದರೆ ಇದು ಬೇಟೆಯ ಜಾತಿಯೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಮತ್ತು ಬರಿಸುವ ಕೆಲವು ಔಷಧಿಗಳನ್ನು ಇವುಗಳ ದೇಹವು ಬೇಗನೆ ಕರಗಿಸಿಕೊಳ್ಳಲಾರದು.

ನನಗೆ ಪರಿಚಿತರಾದ ಕನ್ನಡ ಗೃಹಸ್ಥರೊಬ್ಬರು ನೋಯಿಡಾದ ಉದ್ಯಾನವೊಂದರಲ್ಲಿ ಅಲೆಯುತ್ತಿದ್ದ ಮುಧೋಳದ ಹೆಣ್ಣುನಾಯಿಯನ್ನು ತಂದು ಸಾಕಿದ್ದಾರೆ. ಕೊರಳಲ್ಲಿ ಹಗ್ಗ ಕೊರೆದ ಗಾಯವಿತ್ತು. ಮೆಟ್ಟಿಲನ್ನೇ ಕಂಡರಿಯದ ಆ ನಾಯಿ ಮೊದಲ ಮೆಟ್ಟಿಲ ಬಳಿಯೇ ನಿಂತುಬಿಡುತ್ತಿತ್ತು. ಅವರ ಹತ್ತು ವರ್ಷದ ಮಗನು ದಿನಕ್ಕೊಂದು ಮೆಟ್ಟಿಲ ಮೇಲೆ ರೊಟ್ಟಿಯ ಚೂರಿಟ್ಟು, ತಾನು ಮುಖ ತಿರುಗಿಸಿ ಕುಳಿತುಕೊಳ್ಳುತ್ತಿದ್ದನು. ಹದಿನೆಂಟು ಮೆಟ್ಟಿಲುಗಳಿಗೆ ಮೂರು ವಾರ ಹಿಡಿಯಿತು. ಒಳಗೆ ಬರಕೂಡದೆಂದು ಮೊದಲು ಕಟ್ಟಪ್ಪಣೆ ಮಾಡಿದ್ದ ಅಜ್ಜಿಯವರೇ ಚಳಿಗಾಲದಲ್ಲಿ ತಮ್ಮ ಹಳೆಯ ಕೌದಿಯನ್ನು ಕತ್ತರಿಸಿ ಅದಕ್ಕೊಂದು ಅಂಗಿ ಹೊಲಿದುಕೊಟ್ಟರು. ಇಂದಿಗೂ ಅದು ಅಪರಿಚಿತರ ಕೈಗೆ ಸಿಕ್ಕುವುದಿಲ್ಲ; ಯಾರೂ ಬಲವಂತ ಮಾಡುವುದೂ ಇಲ್ಲ. ಮಲಗಿದ್ದಾಗ ಮುಟ್ಟಬಾರದು, ಉಣ್ಣುವಾಗ ತಟ್ಟೆಗೆ ಕೈಹಾಕಬಾರದು ಎಂಬ ಎರಡು ನಿಯಮಗಳನ್ನು ಆ ಮನೆಯ ಮಕ್ಕಳು ಮಗ್ಗಿಯಂತೆ ಕಲಿತಿದ್ದಾರೆ.

ನಾಯಿಯ ಭಯವೂ ಸುಳ್ಳಲ್ಲ. ಹುಚ್ಚುನಾಯಿಯ ರೋಗವು ತಲೆದೋರಿದ ಮೇಲೆ ಬದುಕುವುದು ಅತಿ ವಿರಳ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಕಿದ ನಾಯಿಗೆ ಕಾಲಕಾಲಕ್ಕೆ ಚುಚ್ಚುಮದ್ದು ಹಾಕಿಸುವುದೂ ದಿಲ್ಲಿಯ ನಗರಪಾಲಿಕೆಯಲ್ಲಿ ಹೆಸರು ನೋಂದಾಯಿಸುವುದೂ ನೆರೆಯವರಿಗೆ ನಾವು ಸಲ್ಲಿಸಬೇಕಾದ ಋಣ. 2025ರ ಆಗಸ್ಟಿನಲ್ಲಿ ಈ ನಗರದ ಬೀದಿನಾಯಿಗಳ ಕುರಿತು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಹೊರಡಿಸಿದಾಗ, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆಯನ್ನು ದತ್ತು ಪಡೆದವರ ಮೇಲೆಯೇ ಹೊರಿಸಿತು. ಪ್ರಾಣಿಯು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದನ್ನು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಅಪರಾಧವೆಂದಿದೆ.

ಕಾಯಿದೆಗಿಂತ ಹಳೆಯದಾದ ನಡತೆಯೊಂದು ನಮ್ಮ ನಾಡಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಹತ್ತನೆಯ ಶತಮಾನದ ನಡುವಿನದು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದವು. ಮಣಲೆರನು ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟನು. ಇನ್ನು, ಇಂದ್ರಪ್ರಸ್ಥವೆಂದು ಪ್ರತೀತಿಯಿರುವ ಈ ನಗರದಲ್ಲಿ ಆಳಿದ ಧರ್ಮರಾಯನು, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನೂ ಒಲ್ಲೆನೆಂದ ಕಥೆ ನಮಗೆಲ್ಲ ತಿಳಿದುದೇ.

ನಮ್ಮಿಂದ ಯಾರೂ ಕಲ್ಲನ್ನೂ ಭೂಮಿಯನ್ನೂ ಕೇಳುತ್ತಿಲ್ಲ. ಬಾಲಕರೇ, ನಾಯಿ ಬೇಕೆಂದು ಹಟ ಹಿಡಿಯುವ ಮುನ್ನ ಮನೆಯವರೊಡನೆ ಕುಳಿತು ಇಷ್ಟನ್ನು ವಿಚಾರಿಸಿರಿ: ಮುಂದಿನ ಹತ್ತು ಹನ್ನೆರಡು ವರ್ಷ ಬೆಳಗಿನ ಐದೂವರೆಗೆ ಏಳುವವರು ಯಾರು? ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ಅದನ್ನು ನೋಡಿಕೊಳ್ಳುವವರು ಯಾರು? ತಂದೆಯವರಿಗೆ ವರ್ಗವಾದರೆ ಅದು ಎಲ್ಲಿಗೆ ಹೋಗಬೇಕು? ಈ ಮೂರಕ್ಕೂ ಹೆಸರು ಹಿಡಿದು ಉತ್ತರ ಹೇಳಬಲ್ಲ ಮನೆಗೆ ಮಾತ್ರ ನಾಯಿ ಬರಲಿ; ಬಂದದ್ದು ಅಲ್ಲಿಯೇ ಮುಪ್ಪಾಗಲಿ.