ದೋಣಿ ನಿಂತ ಮೇಲಿನ ಊರು

ಊರಿಂದ ಅಪ್ಪ-ಅಮ್ಮ ಬಂದ್ರೆ ಮಿಶಿಗನ್ನಿನ ಕನ್ನಡದೋರೆಲ್ಲ ಕರ್ಕೊಂಡು ಹೋಗೋ ಜಾಗ ಒಂದಿದೆ, ಮ್ಯಾಕಿನಾ ದ್ವೀಪ (ಬರೆಯೋದ್ರಲ್ಲಿ ಕೊನೆಗೊಂದು 'ಕ್' ಇದೆ, ಹೇಳೋದ್ರಲ್ಲಿ ಇಲ್ಲ!). ಪ್ಲಿಮತ್‌ನಿಂದ ಉತ್ತರಕ್ಕೆ ನಾಲ್ಕೂವರೆ ಗಂಟೆ ಡ್ರೈವ್, ಆಮೇಲೆ ದೋಣಿ, ಒಂದು ಕುದುರೆಗಾಡಿ ಸವಾರಿ, ಒಂದು ಡಬ್ಬಿ ಫಡ್ಜ್, ವಾಪಸ್. 1898ರಿಂದ ಅಲ್ಲಿ ಕಾರು ಬಿಡೋಲ್ಲ ಅಂತ ಕೇಳಿ ಹಿರಿಯರಿಗೆ ಖುಷಿಯೋ ಖುಷಿ. ವರ್ಷಪೂರ್ತಿ ಅಲ್ಲೇ ಇರೋ ಸುಮಾರು ಐನೂರು ಜನ ಜನವರಿಯಲ್ಲಿ ಹಾಲು ಎಲ್ಲಿಂದ ತರ್ತಾರೆ ಅಂತ ಮಾತ್ರ ನಾವ್ಯಾರೂ ಕೇಳೋದಿಲ್ಲ.

ಅಲ್ಲಿನ ಬಂದರು ಅಂದ್ರೆ ನಾವು ಫೋಟೋ ತೆಗೆಸಿಕೊಳ್ಳೋ ಕಟ್ಟೆ ಅಷ್ಟೇ ಅಲ್ಲ. ಅಂಗಡಿ ಸಾಮಾನು, ಮನೆ ಕಟ್ಟೋ ಮರ, ಕುದುರೆಗೆ ಹುಲ್ಲು, ಕೊನೆಗೆ ಕುದುರೆಯೂ ಬರೋದು ದೋಣಿಯಲ್ಲೇ. ಬೇಸಿಗೆಯ ನೂರಾರು ಕುದುರೆಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಮುಂಚೆ ದೋಣಿ ಹತ್ತಿ ಆಚೆ ದಡ ಸೇರ್ತವೆ. ಜನ ಉಳೀತಾರೆ.

ಹ್ಯೂರಾನ್ ಸರೋವರ ಹೆಪ್ಪುಗಟ್ಟಿ ದೋಣಿ ನಿಂತ್ರೆ ಸೇಂಟ್ ಇಗ್ನೇಸ್‌ನಿಂದ ಪುಟಾಣಿ ವಿಮಾನವೇ ಗತಿ. ಚಳಿ ಇನ್ನೂ ಬಲಿತ್ರೆ 'ಐಸ್ ಬ್ರಿಡ್ಜ್'. ಕ್ರಿಸ್‌ಮಸ್ ಮುಗಿಸಿದ ಮರಗಳನ್ನ ಐಸಿನ ಮೇಲೆ ಸಾಲಾಗಿ ನೆಟ್ಟು, ಆ ಗುರುತು ಹಿಡಿದು ಸ್ನೋಮೊಬೈಲ್‌ನಲ್ಲಿ ಓಡಾಡ್ತಾರೆ. ದೋಣಿಗೆ ಐಸು ಜಾಸ್ತಿ, ಸ್ನೋಮೊಬೈಲಿಗೆ ಕಡಿಮೆ ಅನ್ನೋ ದಿನಗಳಿವೆಯಲ್ಲ, ಕಷ್ಟ ಇರೋದು ಆವಾಗ. ಕೆಲವು ವರ್ಷ ಚಳಿ ಸಾಲದೆ ಆ ದಾರಿ ಕಟ್ಟೋದೇ ಇಲ್ಲ. ನಮ್ಮಲ್ಲೂ ಇದೆ ನೋಡಿ, ಮಂಗಳೂರಿನ ಹಳೇ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಲಕ್ಷದ್ವೀಪಕ್ಕೆ ಹೋಗೋ ಮಂಜಿಗಳು ಮಳೆಗಾಲದಲ್ಲಿ ನಿಲ್ತವೆ. ಇಲ್ಲಿ ತಡೆಯೋದು ಮಂಜು, ಅಲ್ಲಿ ತಡೆಯಾಗೋದು ಮಂಜಿಗೆ!

ಇನ್ನೂ ಉತ್ತರಕ್ಕೆ, ಕೆನಡಾದ ಹಡ್ಸನ್ ಕೊಲ್ಲಿಯ ಚರ್ಚಿಲ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. 2016ರಲ್ಲಿ ಬಂದರಿನ ಧಾನ್ಯ ಸಾಗಣೆ ನಿಂತು ಕೆಲಸ ಹೋಯ್ತು. 2017ರ ಮೇನಲ್ಲಿ ಪ್ರವಾಹಕ್ಕೆ ರೈಲು ಹಳಿ ಕೆಟ್ಟು ಸುಮಾರು ಒಂದೂವರೆ ವರ್ಷ ರೈಲೂ ಇಲ್ಲ. ದಿನಸಿ ವಿಮಾನದಲ್ಲಿ ಬಂದ್ರೆ ಬೆಲೆ ಏನಾಗುತ್ತೆ ಅಂತ ಬೇರೆ ಹೇಳಬೇಕೆ? 2018ರಲ್ಲಿ ಅಲ್ಲಿನ ಮೂಲನಿವಾಸಿಗಳೂ ಊರವರೂ ಪಾಲುದಾರರಾಗಿರೋ ಆರ್ಕ್ಟಿಕ್ ಗೇಟ್‌ವೇ ಗ್ರೂಪ್ ಹಳಿ, ಬಂದರು ಎರಡನ್ನೂ ಕೊಂಡ್ಕೊಳ್ತು.

ಮ್ಯಾಕಿನಾದಲ್ಲಿ ಆಗಿದ್ದು ಇದರ ಉಲ್ಟಾ. 2024ರ ಹೊತ್ತಿಗೆ ಪ್ರಯಾಣಿಕರ ಎರಡೂ ದೋಣಿ ಕಂಪನಿಗಳು ಒಂದೇ ಕುಟುಂಬದ ಕೈ ಸೇರಿದ್ವು. 2025ರಲ್ಲಿ ದರದ ಜಗಳ ಕೋರ್ಟಿಗೆ ಹೋಯ್ತು. ನಾವು ವರ್ಷಕ್ಕೊಮ್ಮೆ ಟಿಕೆಟ್ ಬೆಲೆಗೆ ಗೊಣಗ್ತೀವಿ. ಹಲ್ಲುನೋವು ಬಂದ್ರೂ ದೋಣಿ ಹತ್ತಬೇಕಾದವರ ಪಾಡು ಬೇರೆ.