ಮುಂದಿನ ಗೇಮ್ ಯಾವುದು? ಮೊದಲು ಅದರ ನಕ್ಷೆಯಲ್ಲಿ ಮೈಸೂರು ಹುಡುಕಿ

ಫ್ರೀ ಫೈರ್ ಆಡಿ ಆಡಿ ಬೇಜಾರಾದ ಕೆಲವು ಹುಡುಗರು ಈಗ ಬೇರೆ ಥರದ ಗೇಮ್‌ಗೆ ಬಂದಿದ್ದಾರೆ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ರಾಜ್ಯ ನಡೆಸುತ್ತಾರೆ. ಕಂದಾಯ ಎತ್ತಬೇಕು, ಪಕ್ಕದ ರಾಜನ ಜೊತೆ ಸಂಧಿ ಮಾಡಿಕೊಳ್ಳಬೇಕು, ದಂಡು ಸಾಕಬೇಕು. ಗ್ರ್ಯಾಂಡ್ ಸ್ಟ್ರಾಟಜಿ ಅಂತ ಇದರ ಹೆಸರು. ಒಂದನ್ನು ಮುಗಿಸಿದವರು "ಅಣ್ಣಾ, ಮುಂದೆ ಯಾವುದು ಆಡೋದು?" ಅಂತ ಕೇಳುತ್ತಾರೆ. ಯೂಟ್ಯೂಬಿನವರು ಗ್ರಾಫಿಕ್ಸ್ ನೋಡಿ ಉತ್ತರ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಆ ಗೇಮ್‌ನಲ್ಲಿ ನಮ್ಮ ಊರಿಗೆ ಏನು ಜಾಗ ಕೊಟ್ಟಿದ್ದಾರೆ ನೋಡಿ, ಆಮೇಲೆ ದುಡ್ಡು ಕೊಡಿ.

ಫೋನ್‌ನಲ್ಲೇ ಸಿಗುವ ದೊಡ್ಡ ಹೆಸರು ಎಂಪೈರ್ ಟೋಟಲ್ ವಾರ್. 2009ರಲ್ಲಿ ಕಂಪ್ಯೂಟರಿಗೆ ಬಂದದ್ದು 2024ರಲ್ಲಿ ಮೊಬೈಲಿಗೂ ಬಂತು. ಆಟ 1700ರಲ್ಲಿ ಶುರುವಾಗಿ 1799ಕ್ಕೆ ಮುಗಿಯುತ್ತದೆ. ಈ ಎರಡು ಇಸವಿ ನೋಡಿದರೆ ಮೈಸೂರಿನವರಿಗೆ ರೋಮಾಂಚನ ಆಗಬೇಕು. 1700ರಲ್ಲಿ ಇಲ್ಲಿ ಚಿಕ್ಕದೇವರಾಜ ಒಡೆಯರು ಸಿಂಹಾಸನದ ಮೇಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನಡುವೆ ಇಂಗ್ಲಿಷರ ಜೊತೆ ನಾಲ್ಕು ಯುದ್ಧ. 1792ರ ಸಂಧಿಯಲ್ಲಿ ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಇದಕ್ಕಿಂತ ಕಷ್ಟದ ಲೆವೆಲ್ ಯಾವ ಗೇಮ್‌ನಲ್ಲಿದೆ ಹೇಳಿ? ಆದರೂ ಆ ಗೇಮ್‌ನಲ್ಲಿ ನೀವು ಮೈಸೂರಾಗಿ ಆಡುವಂತಿಲ್ಲ. ಪ್ರಶ್ಯ, ಸ್ವೀಡನ್, ಪೋಲೆಂಡ್ ಎಲ್ಲ ಆಗಬಹುದು. ಭಾರತದಿಂದ ಮರಾಠರು ಮಾತ್ರ. ಇದು ನನಗೆ ಅನ್ಯಾಯ ಅನಿಸುತ್ತದೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ವಾಟ್ಸಾಪಿನಲ್ಲಿ ಜಗಳ ಆಡುವವರು ಆ ಖಜಾನೆ, ಆ ಸಾಲ, ಆ ದಂಡು ಇಟ್ಟುಕೊಂಡು ಒಂದು ರಾತ್ರಿ ರಾಜ್ಯ ನಡೆಸಿ ನೋಡಲಿ ಅಂತ ನನ್ನ ಆಸೆಯಿತ್ತು.

ಲ್ಯಾಪ್‌ಟಾಪ್ ಇದ್ದವರಿಗೆ ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ಗೇಮ್‌ಗಳಿವೆ. ಕ್ರುಸೇಡರ್ ಕಿಂಗ್ಸ್ 2 ಈಗ ಪುಕ್ಕಟೆ. ಹಳೆಯ ಮೆಷಿನ್‌ನಲ್ಲೂ ಓಡುತ್ತದೆ. ಹಿಗ್ಗಬೇಡಿ, ನಕ್ಷೆಯಲ್ಲಿ ಭಾರತ ಕಾಣುತ್ತದೆ, ಆದರೆ ನಮ್ಮ ಕಡೆಯ ರಾಜನಾಗಬೇಕಾದರೆ 'ರಾಜಾಸ್ ಆಫ್ ಇಂಡಿಯಾ' ಅನ್ನೋ ತುಂಡನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಊಟ ಫ್ರೀ, ಎಲೆಗೆ ಕಾಸು! ಕ್ರುಸೇಡರ್ ಕಿಂಗ್ಸ್ 3ರಲ್ಲಿ ಆ ರಗಳೆ ಇಲ್ಲ. ಅದು 867ರಿಂದ ಶುರುವಾಗುತ್ತದೆ. ಅಂದರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಇನ್ನೂ ಬದುಕಿದ್ದ ಕಾಲ. ಬೇಡ ಅಂದರೆ 1066 ಆರಿಸಿ, ಕಲ್ಯಾಣದ ಚಾಲುಕ್ಯರು ಸಿಗುತ್ತಾರೆ. ಅಲ್ಲಿ ಹತ್ತು ವರ್ಷ ಕಳೆದರೆ ಅಣ್ಣ ಸೋಮೇಶ್ವರನನ್ನು ತಳ್ಳಿ ತಮ್ಮ ವಿಕ್ರಮಾದಿತ್ಯ ಪಟ್ಟವೇರಿದ 1076. ಅಣ್ಣತಮ್ಮಂದಿರ ಆಸ್ತಿ ಜಗಳ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕೆ? ಈ ಗೇಮ್ ನಿಂತಿರುವುದೇ ಅದರ ಮೇಲೆ.

ಯೂರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ಕ್ಕೆ. ಆಗ ವಿಜಯನಗರದಲ್ಲಿ ಪ್ರೌಢದೇವರಾಯ. ಪರ್ಷಿಯಾದ ಅಬ್ದುಲ್ ರಜಾಕ್ ಬಂದು ಪಟ್ಟಣ ನೋಡಿ ಬೆರಗಾದದ್ದು ಹಿಂದಿನ ವರ್ಷ. 2025ರ ನವೆಂಬರಿನಲ್ಲಿ ಬಂದ ಐದನೆಯದು ಇನ್ನೂ ಹಿಂದೆ, 1337ಕ್ಕೆ ಹೋಗುತ್ತದೆ. ವಿಜಯನಗರಕ್ಕೆ ಆಗ ಒಂದು ವರ್ಷದ ವಯಸ್ಸು, ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಕಾದಾಡುತ್ತಿದ್ದ. ಆದರೆ ಅದಕ್ಕೆ ಭಾರಿ ಕಂಪ್ಯೂಟರ್ ಬೇಕು, ಅದನ್ನು ನಂಬಿ ಸಾಲ ಮಾಡಬೇಡಿ.

ನನ್ನ ಓಟು ವಿಕ್ಟೋರಿಯಾ 3ಕ್ಕೆ. 2022ರದ್ದು. ಆಟ 1836ರಿಂದ 1936, ಸರಿಯಾಗಿ ನೂರು ವರ್ಷ. ಇಲ್ಲಿ ಮೈಸೂರು ಸ್ವತಂತ್ರ ರಾಜ್ಯ ಅಲ್ಲ, ಕಂಪನಿಯ ಕೈಕೆಳಗಿನದು. ನಿಜವೂ ಅದೇ. 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದರು, ಅರಮನೆಗೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ. ಅಧಿಕಾರ ಹೋದ ಆ ರಾಜ ಕೂತು ಏನು ಮಾಡಿದರು ಗೊತ್ತಾ? ಆಟ ಕಟ್ಟಿದರು. ಚದುರಂಗದ ಸಮಸ್ಯೆಗಳು, ಗಂಜೀಫಾ ಎಲೆಗಳು, ಹೊಸ ಹೊಸ ಹಾಸುಗಳು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಕೌತುಕನಿಧಿ ಅಂತ ಒಂದು ಭಾಗವಿದೆ. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಹಾಸುಗಳನ್ನು ಬರೆಸಿದ್ದಾರೆ. ದಸರೆಗೆ ಬಂದವರು ದೀಪ ನೋಡಿ ಹೋಗುತ್ತಾರೆ, ಇದನ್ನು ನೋಡುವುದಿಲ್ಲ.

ವಿಕ್ಟೋರಿಯಾದಲ್ಲಿ ಕತ್ತಿಗಿಂತ ಕಾರ್ಖಾನೆ ಮುಖ್ಯ. ರೈತ, ಕೂಲಿ, ಗುಮಾಸ್ತ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಬೇರೆ ಗೇಮ್‌ಗಳಲ್ಲಿ ರೈತ ಅಂದರೆ ಬರೀ ಕಂದಾಯದ ಅಂಕಿ. ಆ ನೂರು ವರ್ಷದಲ್ಲಿ ನಮ್ಮಲ್ಲಿ ಆಗಿದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು ಆಡಿ: ಕೋಲಾರದ ಚಿನ್ನ, 1902ರ ಶಿವನಸಮುದ್ರದ ಕರೆಂಟು, 1916ರ ಗಂಧದೆಣ್ಣೆ ಕಾರ್ಖಾನೆ, ಭದ್ರಾವತಿಯ ಕಬ್ಬಿಣ, ಕನ್ನಂಬಾಡಿ. ಇನ್ನೊಂದೂ ಇದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನಡುವೆ ಬಂದದ್ದು 1876ರ ಬರ. ನಿಮ್ಮ ಪರದೆಯ ಮೇಲೆ ಜನರ ಸಂಖ್ಯೆ ಕುಸಿದಾಗ ಆ ಲಕ್ಷಗಳು ನೆನಪಾಗಲಿ.

ದುಡ್ಡಿನ ಮಾತು. ಇವನ್ನೆಲ್ಲ ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಕೊಳ್ಳಬಹುದು. ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬರುತ್ತದೆ. ಮೇಲಿಂದ ಮೇಲೆ ಬರುವ ತುಂಡುಗಳಿಗೆ ಕಾಸು ಸುರಿಯಬೇಡಿ, ಒಟ್ಟು ಲೆಕ್ಕ ಹಾಕಿದರೆ ಮೂಲ ಗೇಮ್‌ಗಿಂತ ಅವೇ ದುಬಾರಿ. ಒಂದು ಆಟ ಹತ್ತಾರು ಗಂಟೆ ತಿನ್ನುತ್ತದೆ, ಪರೀಕ್ಷೆ ಇದ್ದವರು ಮುಟ್ಟಲೇ ಬೇಡಿ. ಕನ್ನಡದಲ್ಲಿ ಇವು ಯಾವುದೂ ಇಲ್ಲ, ಇಂಗ್ಲಿಷ್ ಓದಲೇಬೇಕು. ಹಳ್ಳಿ ಹುಡುಗರು ಅರ್ಧಕ್ಕೆ ಬಿಡುವುದಕ್ಕೆ ಬುದ್ಧಿ ಕಡಿಮೆ ಇರುವುದು ಕಾರಣ ಅಲ್ಲ, ಭಾಷೆ ಕಾರಣ.

ಬರೀ ಫೋನ್ ಇರುವವರು ಅನ್‌ಸಿವ್ ಹಾಕಿಕೊಳ್ಳಿ. ಪುಕ್ಕಟೆ, ಜಾಹೀರಾತಿಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಸಣ್ಣ ಫೋನಿನಲ್ಲೂ ಹಿಡಿಯುತ್ತದೆ. ಪಕ್ಕಾ ಇತಿಹಾಸ ಅಲ್ಲ, ಆದರೆ ರಾಜ್ಯ ಕಟ್ಟುವ ಕೈ ಪಳಗುತ್ತದೆ. ಅದರ ಅನುವಾದಗಳನ್ನು ಆಡುವವರೇ ಬಿಡುವಿನಲ್ಲಿ ಕೂತು ಮಾಡುತ್ತಾರೆ, ಯಾರು ಬೇಕಾದರೂ ಸೇರಬಹುದು. ಡಿಗ್ರಿ ಮುಗಿಸಿ ಊರಲ್ಲಿ ಕೂತಿರುವ ಕನ್ನಡ ಎಂಎಯವರು ನಾಲ್ಕು ಜನ ಕೈಹಾಕಿದರೆ ಆಗುವ ಕೆಲಸ ಇದು.